ಹವಾಮಾನ ಬದಲಾವಣೆಗೆ ಒಂದು ಹಳ್ಳಿ ಏನು ಮಾಡಬಹುದು? ಗಿಡ ನೆಡುವುದು ಬಿಟ್ಟು ಹೇಳಿ

ಟೊಮೆಟೊ_ತೋಟ:
ನಮ್ಮದು ಚಿಂತಾಮಣಿ ಕಡೆ ಒಂದು ಸಣ್ಣ ಹಳ್ಳಿ. ಪ್ರತಿ ಜೂನ್ 5ಕ್ಕೆ ಶಾಲೆ ಹತ್ತಿರ ಗಿಡ ನೆಡುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ, ಬೇಸಿಗೆ ಹೊತ್ತಿಗೆ ಅರ್ಧ ಮೇಕೆ ಪಾಲು, ಅರ್ಧ ಒಣಗಿ ಕಡ್ಡಿ. ಈ ಸಲ ಯುವಕ ಸಂಘದವರು ಗ್ರಾಮಸಭೆಯಲ್ಲಿ ಬೇರೆ ಏನಾದರೂ ಇಡೋಣ ಅಂತ ಇದ್ದೇವೆ. ಮಳೆ ಅಂತೂ ಕೆಟ್ಟುಹೋಗಿದೆ, ರಾಗಿ ಬಿತ್ತುವಾಗ ಕೈಕೊಡುತ್ತದೆ, ಕೊಯ್ಲಿಗೆ ಸರಿಯಾಗಿ ಬಂದು ಸುರಿಯುತ್ತದೆ. ದುಡ್ಡು ಜಾಸ್ತಿ ಇಲ್ಲ. ನಿಜವಾಗಿ ಉಪಯೋಗ ಆಗುವಂಥದ್ದು ಹೇಳಿ, ಭಾಷಣ ಬೇಡ.

ಬಿಸಿಲುನಾಡು:
ಹೊಗೆ ಬಿಡುವವರು ಕಾರ್ಖಾನೆಯವರು, ಎಸಿ ಹಾಕಿಕೊಂಡು ಕೂರುವವರು. ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಬರ ಬಂದರೆ ತಡೆದುಕೊಳ್ಳುವುದು ಹೇಗೆ ಅಂತ ಕೇಳಿ, ಅದು ಸರಿಯಾದ ಪ್ರಶ್ನೆ.

ತೂಬು_ಕೋಡಿ:
ಬಿಸಿಲುನಾಡು ಅವರ ಸಿಟ್ಟು ನ್ಯಾಯವೇ. ಆದರೆ ಕೋಲಾರ, ಚಿಕ್ಕಬಳ್ಳಾಪುರ ಕಡೆ ಎರಡೂ ಒಂದೇ ಪ್ರಶ್ನೆ. ನಮ್ಮ ಹಳ್ಳಿಗಳ ಹೊಗೆ ಬೋರ್‌ವೆಲ್ ಒಳಗಿದೆ, ಅದಕ್ಕೇ ಕಾಣುವುದಿಲ್ಲ. ಲೆಕ್ಕ ಹಾಕಿ ನೋಡಿ. 10 ಎಚ್‌ಪಿ ಮೋಟರ್ ಅಂದರೆ ಸುಮಾರು 7.5 ಕಿಲೋವ್ಯಾಟ್. ತ್ರೀ ಫೇಸ್ ಕೊಡುವ ಏಳು ಗಂಟೆಯೂ ಆಟೊ ಸ್ಟಾರ್ಟರ್ (ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಶುರುವಾಗುವ ಡಬ್ಬಿ) ಹಾಕಿ ಬಿಟ್ಟರೆ ದಿನಕ್ಕೆ 50 ಯೂನಿಟ್ ದಾಟುತ್ತದೆ. ನಮ್ಮ ದೇಶದ ಕರೆಂಟಿನಲ್ಲಿ ಕಲ್ಲಿದ್ದಲಿನದೇ ಜಾಸ್ತಿ, ಯೂನಿಟ್‌ಗೆ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದರೂ ಒಂದು ಮೋಟರಿಗೆ ದಿನಕ್ಕೆ 35 ಕೆಜಿ. ಚೆನ್ನಾಗಿ ಬೆಳೆದ ಒಂದು ಮರ ಇಡೀ ವರ್ಷ ಹೀರುವುದು ಹತ್ತೋ ಇಪ್ಪತ್ತೋ ಕೆಜಿ! ಊರಲ್ಲಿ ಎಷ್ಟು ಮೋಟರ್ ಇವೆ ನೀವೇ ಎಣಿಸಿಕೊಳ್ಳಿ. 10 ಎಚ್‌ಪಿವರೆಗೆ ಬಿಲ್ಲೇ ಇಲ್ಲವಲ್ಲ, ಹಾಗಾಗಿ ಯಾರಿಗೂ ಇದು ನೆನಪಾಗುವುದಿಲ್ಲ.

ಸಾವಿರ ಅಡಿಯಿಂದ ನೀರೆತ್ತಲು ಇನ್ನೂರು ಅಡಿಯಿಂದ ಎತ್ತುವುದರ ಐದು ಪಟ್ಟು ಶಕ್ತಿ ಬೇಕು. ಅಂತರ್ಜಲ ಮೇಲೆ ಬಂದರೆ ಹೊಗೆಯೂ ಇಳಿಯುತ್ತದೆ, ಬರವನ್ನೂ ತಡೆದುಕೊಳ್ಳಬಹುದು. ಅದಕ್ಕೆ ಮೊದಲು ಕೆರೆ. ಹೂಳು ತೆಗೆದರೆ ಆ ಗೋಡು ಹೊಲಕ್ಕೇ ಗೊಬ್ಬರ, ರೈತರು ಟ್ರ್ಯಾಕ್ಟರ್ ತಂದು ಹೊಡೆದುಕೊಂಡು ಹೋಗುತ್ತಾರೆ, ಪಂಚಾಯಿತಿಗೆ ಖರ್ಚು ಕಮ್ಮಿ. ಆದರೆ ಬರೀ ಹೂಳು ತೆಗೆದರೆ ಏನೂ ಆಗುವುದಿಲ್ಲ, ನೀರು ಬರುವ ರಾಜಕಾಲುವೆ ಬಿಡಿಸಬೇಕು. ಒತ್ತುವರಿ ಮಾಡಿದವರು ಯಾರು ಅಂತ ಊರಿಗೆಲ್ಲ ಗೊತ್ತಿರುತ್ತದೆ, ಬಾಯಿ ಬಿಡುವವರು ಇರುವುದಿಲ್ಲ, ಅಲ್ವಾ. ಕೆರೆಗೆ ನೀರು ಹರಿದು ಬರುವ ಮೇಲಿನ ಜಮೀನಿನಲ್ಲಿ ನೀಲಗಿರಿ ಇದ್ದರೆ ಅದನ್ನೂ ನೋಡಿ. ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಲ್ಲಿಸಿದೆ, ಆದರೆ ಹಳೆಯದು ಕಡಿದಷ್ಟೂ ಚಿಗುರುತ್ತದೆ. ಬೇರು ಸಮೇತ ತೆಗೆಸದೆ ದಾರಿಯಿಲ್ಲ.

ಮಹಾರಾಷ್ಟ್ರದ ಹಿವರೆ ಬಜಾರ್ ಬಗ್ಗೆ ಓದಿ. ನಮ್ಮಷ್ಟೂ ಮಳೆ ಇಲ್ಲದ ಊರು. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಊರವರೇ ಕಟ್ಟುಪಾಡು ಮಾಡಿಕೊಂಡರು: ಬೇಸಾಯಕ್ಕೆ ಬೋರ್‌ವೆಲ್ ಕೊರೆಸುವಂತಿಲ್ಲ, ಕಬ್ಬು ಬಾಳೆ ಇಲ್ಲ, ಗುಡ್ಡಕ್ಕೆ ದನ ಬಿಡುವಂತಿಲ್ಲ. ಪ್ರತಿ ವರ್ಷ ಮಳೆ ಅಳೆದು, ಬಾವಿ ನೋಡಿ, ಇರುವ ನೀರಿಗೆ ಯಾವ ಬೆಳೆ ಅಂತ ಗ್ರಾಮಸಭೆಯಲ್ಲಿ ತೀರ್ಮಾನ ಮಾಡುತ್ತಾರೆ. ಒಬ್ಬ ರೈತನ ಕೈಯಲ್ಲಿ ಆಗದ ಕೆಲಸ ಇದು.

ಟೊಮೆಟೊ_ತೋಟ:
ಅಣ್ಣ, ಲೆಕ್ಕ ನೋಡಿ ತಲೆ ತಿರುಗಿತು. ಆದರೆ ಬೋರ್ ಕೊರೆಸಬೇಡಿ ಅಂದರೆ ಹೊಡೆದೇ ಓಡಿಸುತ್ತಾರೆ. ಇಲ್ಲಿ ಟೊಮೆಟೊ, ಹಿಪ್ಪುನೇರಳೆ, ಸೀಮೆಹಸು, ಎಲ್ಲ ಬೋರ್ ನೀರಿನ ಮೇಲೇ ನಿಂತಿದೆ. ಸೋಲಾರ್ ಹಾಕಿದರೆ?

ಗುಂಡ್ಲುಪೇಟೆ_ಅಕ್ಕ:
ಮನೆ ಮೇಲಿನ ಸೋಲಾರ್‌ಗೆ ಕೇಂದ್ರದ ಸಬ್ಸಿಡಿ ಇದೆ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ. ಆದರೆ ಗೃಹಜ್ಯೋತಿಯಲ್ಲಿ ಕರೆಂಟ್ ಬಿಟ್ಟಿ ಸಿಗುವಾಗ ಹಳ್ಳಿಯಲ್ಲಿ ಕೈಯಿಂದ ಮಿಕ್ಕ ದುಡ್ಡು ಹಾಕುವವರು ಯಾರು? ಪಂಪ್‌ಗೆ ಸೋಲಾರ್ ಹಾಕಿದರೆ ಹೊಗೆ ನಿಲ್ಲುತ್ತದೆ, ಸರಿ, ಆದರೆ ಹಗಲೆಲ್ಲ ಬಿಟ್ಟಿಯಾಗಿ ಓಡುತ್ತದೆ ಅಂತ ನೀರು ಇನ್ನೂ ಬೇಗ ಖಾಲಿಯಾದೀತು. ಹನಿ ನೀರಾವರಿ ಜೊತೆಗಿಲ್ಲದೆ ಕೈ ಹಾಕಬೇಡಿ.

ಇನ್ನೊಂದು ಮಾತು. ಗಿಡ ನೆಡುವುದನ್ನು ಪೂರ್ತಿ ತಳ್ಳಿಹಾಕಬೇಡಿ, ನೆಟ್ಟ ಮೇಲೆ ನೋಡಿಕೊಳ್ಳುವವರು ಯಾರು ಅಂತ ಮೊದಲು ಗೊತ್ತು ಮಾಡಿ. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಹುಲಿಕಲ್ ರಸ್ತೆಯಲ್ಲಿ ನೆಟ್ಟ ಆಲದ ಗಿಡಗಳು ಉಳಿದದ್ದು ಬಿಂದಿಗೆ ಹೊತ್ತು ನೀರು ಹಾಕಿ, ಸುತ್ತ ಮುಳ್ಳಿನ ಬೇಲಿ ಕಟ್ಟಿದ್ದಕ್ಕೆ. ನಮ್ಮೂರಿನಿಂದ ಬತ್ತೇರಿ ದಾಟಿದರೆ ವಯನಾಡಿನ ಮೀನಂಗಾಡಿ ಸಿಗುತ್ತದೆ. 2016ರಲ್ಲಿ ಆ ಪಂಚಾಯಿತಿಯವರು ಊರಿನ ಹೊಗೆ ಎಷ್ಟು, ಮರ ಮಣ್ಣು ಹೀರುವುದು ಎಷ್ಟು ಅಂತ ಲೆಕ್ಕಕ್ಕೆ ಇಳಿದರು. ಆಮೇಲೆ ಮರ ಅಡವಿಟ್ಟುಕೊಂಡು ರೈತರಿಗೆ ಬಡ್ಡಿಯಿಲ್ಲದ ಸಾಲ ಕೊಡುವ ಪದ್ಧತಿ ತಂದರು, ಕಡಿದರೆ ಸಾಲ ವಾಪಸ್. ಮರಕ್ಕೆ ನಿಂತಲ್ಲೇ ಬೆಲೆ ಬಂದರೆ ಯಾರು ಕಡಿಯುತ್ತಾರೆ ಹೇಳಿ.

ಸಗಣಿ_ಸಾಮ್ರಾಟ:
ಸೀಮೆಹಸು ಇದೆ ಅಂದಿರಲ್ಲ, ಅದನ್ನು ಯಾಕೆ ಬಿಟ್ಟಿರಿ? ಸಗಣಿ ಗುಂಡಿಯಲ್ಲಿ ಕೊಳೆತು ಮೀಥೇನ್ ಹೋಗುತ್ತದೆ, ಅದು ಇಂಗಾಲದ ಡೈಆಕ್ಸೈಡ್‌ಗಿಂತ ಇಪ್ಪತ್ತೈದು ಪಟ್ಟಿಗೂ ಜಾಸ್ತಿ ಬಿಸಿ ಹಿಡಿಯುತ್ತದೆ. ಗೋಬರ್ ಗ್ಯಾಸ್ ಹಾಕಿದರೆ ಅದೇ ಮೀಥೇನ್ ಒಲೆಯಲ್ಲಿ ಉರಿದು ಅಡುಗೆ ಆಗುತ್ತದೆ. 2 ಘನ ಮೀಟರ್‌ನದಕ್ಕೆ ದಿನಕ್ಕೆ 50 ಕೆಜಿ ಸಗಣಿ ಬೇಕು, ಒಂದೇ ಹಸು ಇದ್ದವರಿಗೆ ಸಾಲದು, ಇಬ್ಬರು ಮೂವರು ಸೇರಬೇಕು. ಇಲ್ಲೇ ಜಗಳ ಶುರುವಾಗುವುದು. ನಮ್ಮ ಬೀದಿಯಲ್ಲಿ ಯಾರ ಸಗಣಿ ಎಷ್ಟು ಅಂತಲೇ ಒಂದು ಪಂಚಾಯಿತಿ ಸೇರಿತ್ತು.

ತೂಬು_ಕೋಡಿ:
ಹ್ಹಹ್ಹ. ಟೊಮೆಟೊ ತಮ್ಮ, ಬೋರ್ ವಿಷಯ ಮೊದಲ ಸಭೆಯಲ್ಲೇ ಎತ್ತಬೇಡ. ತಾಲ್ಲೂಕು ಸರ್ವೆಯವರ ಹತ್ತಿರ ಕೆರೆ, ರಾಜಕಾಲುವೆ ನಕ್ಷೆಗೆ ಈಗಲೇ ಅರ್ಜಿ ಹಾಕು. ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಜಮೀನು, 40 ಹೆಕ್ಟೇರ್ ದಾಟಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರಿರುತ್ತದೆ, ಹೂಳೆತ್ತಲು ಅವರನ್ನೂ ಕೇಳಬೇಕು. ಇನ್ನು ನಿಮ್ಮೂರಲ್ಲಿ ನೀರುಗಂಟಿ (ಹಿಂದೆ ಕೆರೆ ನೀರು ಬಿಡುವ ಕೆಲಸ ನೋಡಿಕೊಳ್ಳುತ್ತಿದ್ದವರು) ಮನೆತನದ ಹಿರಿಯರು ಯಾರಾದರೂ ಇದ್ದರೆ ಕಾಲುವೆ ಎಲ್ಲಿತ್ತು ಅಂತ ನಕ್ಷೆಗಿಂತ ಮೊದಲು ಅವರೇ ತೋರಿಸುತ್ತಾರೆ.