ಸಹಾಯ ಬೇಕು: ಅಡ್ಮಿಟ್ ಆಗದೆ, ಮನೆಯಿಂದ ಹೋಗಿ ಬಂದು ಕುಡಿತ ಬಿಡುವ ಚಿಕಿತ್ಸೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಭಾವನವರಿಗಾಗಿ ಕೇಳುತ್ತಿದ್ದೇನೆ. ಈಚೆಗಷ್ಟೇ ಒಂದು ಆಸ್ಪತ್ರೆಯಲ್ಲಿ ಡಿಟಾಕ್ಸ್ (ಕುಡಿತ ನಿಲ್ಲಿಸಿದಾಗ ಆಗುವ ತೊಂದರೆಗಳಿಗೆ ಕೊಡುವ ಚಿಕಿತ್ಸೆ) ಮುಗಿಸಿ ಬಂದಿದ್ದಾರೆ. ಕೈ ನಡುಕ ನಿಂತಿದೆ, ನಿದ್ದೆ ಬರುತ್ತಿದೆ. ಆದರೆ ಡಿಸ್ಚಾರ್ಜ್ ಮಾಡುವಾಗ ಮಾತ್ರೆ ಬರೆದುಕೊಟ್ಟು, ಮುಂದಿನ ತಿಂಗಳು ಬನ್ನಿ ಅಂದರು, ಅಷ್ಟೇ. ಅಲ್ಲಿಯವರೆಗೆ ಸುಮ್ನೆ ಬಿಟ್ಟರೆ ಮತ್ತೆ ಶುರುವಾಗುತ್ತೆ ಅಂತ ಅಕ್ಕನಿಗೆ ಭಯ. ಅವಳ ಭಯದಲ್ಲಿ ತಪ್ಪೇನೂ ಇಲ್ಲ.

ಅಮೆರಿಕದಲ್ಲಿ ಇಂಟೆನ್ಸಿವ್ ಔಟ್‌ಪೇಷೆಂಟ್ ಅಂತ ಇದೆ. ವಾರಕ್ಕೆ ಕನಿಷ್ಠ 9 ಗಂಟೆ ಕೌನ್ಸೆಲಿಂಗ್, ಗುಂಪಿನಲ್ಲಿ ಮಾತುಕತೆ. ರಾತ್ರಿ ಮನೆಯಲ್ಲೇ ಮಲಗಬಹುದು. ಇಲ್ಲಿ ಅಂಥದ್ದು ಎಲ್ಲಿದೆ? ಭಾವ ಕೆಲಸಕ್ಕೆ ವಾಪಸ್ ಹೋಗಬೇಕು, ಹಾಗಾಗಿ ಸಂಜೆ ಇದ್ದರೆ ಒಳ್ಳೆಯದು. ಕೌನ್ಸೆಲಿಂಗ್ ಕನ್ನಡದಲ್ಲೇ ಇರಬೇಕು. ಇಂಗ್ಲಿಷಿನಲ್ಲಿ ಕೇಳಿದರೆ ಎಲ್ಲದಕ್ಕೂ 'ಎಸ್ ಡಾಕ್ಟರ್' ಅಂದು ಎದ್ದು ಬರುತ್ತಾರೆ!

ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದ ಓಪಿಡಿಗೆ ಹೋದವರಿದ್ದರೆ, ಎಷ್ಟು ದಿನಕ್ಕೊಮ್ಮೆ ಕರೆಯುತ್ತಾರೆ, ಮನೆಯವರನ್ನೂ ಕೂರಿಸಿ ಮಾತಾಡುತ್ತಾರಾ ಹೇಳಿ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪಿನ ಕನ್ನಡ ಮೀಟಿಂಗ್ ವಿಜಯನಗರದ ಕಡೆ ನಡೆಯುತ್ತಾ? ವ್ಯಸನ ಬಿಡಿಸುವ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಗೊತ್ತಿದೆ. ಆದರೆ ಹೋಗಿ ಬಂದವರ ಮಾತೇ ಬೇರೆ ಅಲ್ವಾ.

ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಪುಡಿ ದಯವಿಟ್ಟು ಹೇಳಬೇಡಿ. ಅದರಲ್ಲಿ ಡೈಸಲ್ಫಿರಾಮ್ (ಕುಡಿದರೆ ಮೈಗೆ ಆಗದಂತೆ ಮಾಡುವ ಔಷಧಿ) ಇರಬಹುದು, ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಅಪಾಯ ಆಗಬಹುದು. ಕೂಡಿಹಾಕುವ ಸೆಂಟರ್‌ಗಳೂ ಬೇಡ.

ಖರ್ಚು ಎಷ್ಟಾಯಿತು ಅಂತಲೂ ತಿಳಿಸಿ. ಎಲ್ಲರ ಮುಂದೆ ಬರೆಯಲು ಮುಜುಗರ ಆದರೆ ಮೆಸೇಜ್ ಮಾಡಿ.