ಜ್ವರ ಬಿಟ್ಟ ಮೇಲಿನ ಸುಸ್ತಿಗೆ ಮ್ಯಾಗ್ನೆಟ್ ಬೆಲ್ಟು, ಹಾಸಿಗೆ: ಬಳಸಿದವ್ರು ಅನುಭವ ಹೇಳಿ

ಗಾಳಿಬೀಡು ಕಡೆಯವಳು:
ಅಮ್ಮನಿಗೆ 67. ಫ್ಲೂ ಬಂದು ಐದು ದಿನಕ್ಕೆ ಜ್ವರ ಬಿಡ್ತು, ಇವತ್ತಿಗೆ 16ನೇ ದಿನ, ಕೆಮ್ಮು ನಿಂತಿಲ್ಲ, ಬಚ್ಚಲಿಗೆ ಹೋಗಿ ಬಂದ್ರೆ ಸಾಕು ಮಂಚ ಹಿಡ್ಕೊಂಡು ಕೂತ್ಬಿಡ್ತಾರೆ. ಡಾಕ್ಟ್ರು ಎದೆ ಕ್ಲಿಯರ್ ಇದೆ, ರೆಸ್ಟ್ ಬೇಕು ಅಂದ್ರು. ಕುಶಾಲನಗರದಲ್ಲಿ ಡೆಮೋ ಕೊಡೋರು ಬೆಲ್ಟಿಗೆ 7,800, ಹಾಸಿಗೆಗೆ 26,000 ಹೇಳ್ತಿದಾರೆ, ಔಷಧಿ ಜೊತೆಗೇ ಮಾಡ್ಬಹುದಂತೆ. ಯಾರಾದ್ರೂ ಮಾಡಿದ್ದೀರಾ?

ಸೋಮವಾರಪೇಟೆ ತೋಟದವ:
ನಾನು ಮಾಡಿದ್ದೀನಿ, ಎದೆ ತಟ್ಟಿ ಹೇಳ್ತೀನಿ. ಹೋದ ವರ್ಷ ಜುಲೈ ಜಡಿಮಳೇಲಿ ಹಿಡ್ಕೊಂಡಿತ್ತು, ಜ್ವರ ಹೋದ್ರೂ ಮೈಕೈ ನೋವು ಬಿಡ್ಲಿಲ್ಲ, ಮ್ಯಾಗ್ನೆಟ್ ಜೋಡಿ 3,400ಕ್ಕೆ ತರ್ಸಿದೆ, ಕೊರಿಯರ್ 180 ಬೇರೆ, ಅದೂ ಮಡಿಕೇರೀಲೇ ಎರಡು ದಿನ ಕೂತಿತ್ತು. ಮರದ ಕುರ್ಚಿ ಮೇಲೆ ಕೂತು, ಕಾಲ ಕೆಳಗೂ ಮರದ ಹಲಗೆ, ಬಲಗೈ ಕೆಳಗೆ ನಾರ್ತ್, ಎಡಗೈ ಕೆಳಗೆ ಸೌತ್, ಬೆಳಿಗ್ಗೆ 10 ನಿಮಿಷ. ರಾತ್ರಿ ನೀರಿನ ಗಾಜಿನ ಬಾಟ್ಲಿ ಅದ್ರ ಮೇಲಿಟ್ಟು ಬೆಳಿಗ್ಗೆ ಕುಡಿಯೋದು. ಒಂಬತ್ತನೇ ದಿನ ತೋಟಕ್ಕೆ ಹೋದೆ. ಮ್ಯಾಗ್ನೆಟ್ ಒಂದು ಥಂಡಿಗೆ ತುಕ್ಕು ಹಿಡೀತು, ಎಣ್ಣೆ ಬಟ್ಟೇಲಿ ಸುತ್ತಿಟ್ಟಿದ್ದೀನಿ.

ಗೋಣಿಕೊಪ್ಪಲು ಸೊಸೆ:
ಜ್ವರ ಹೋದ ಮೇಲೆ ಒಂಬತ್ತು ದಿನಕ್ಕೆ ಯಾರು ಏಳಲ್ಲ ಅಣ್ಣ? ನಮ್ಮನೆ ಕಥೆ ಕೇಳಿ. ಹಾಸಿಗೆ 28,500, ತಿಂಗಳಿಗೆ 2,375ರ ಹಾಗೆ 12 ಕಂತು, ತರೋ ಪಿಕಪ್ಪಿಗೆ 900. ಮಾವನಿಗೆ 71, ಜ್ವರ ಬಂದ ದಿನಾನೇ ಮಾರಿದವ್ರಿಗೆ ಫೋನ್ ಮಾಡಿದ್ದಕ್ಕೆ ಅದ್ರ ಮೇಲೇ ಮಲಗ್ಸಿ, ನಾಲ್ಕು ದಿನ ನೋಡಿ ಅಂದ್ರು. ನೋಡಿದ್ವಿ. ಫ್ಲೂಗೆ ಕೊಡೋ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆ ಒಳಗೆ ಶುರು ಮಾಡಿದ್ರೇನೇ ಜಾಸ್ತಿ ಉಪಯೋಗ ಅಂತ ನಂಗೆ ಗೊತ್ತಾಗಿದ್ದು ಮೈಸೂರಿನ ವಾರ್ಡಲ್ಲಿ. ನ್ಯುಮೋನಿಯಾ ಆಗಿತ್ತು, ಒಂಬತ್ತು ದಿನ ಅಡ್ಮಿಟ್, 1,62,000. ಕಾಳುಮೆಣಸು ರೇಟ್ ಏರ್ಲಿ ಅಂತ ಇಟ್ಕೊಂಡಿದ್ದ ಮೂಟೆ ಎಲ್ಲಾ ಕೊಟ್ವಿ.
ಆಗಸ್ಟಲ್ಲಿ ಹಾಸಿಗೆಗೆ ಬೂಷ್ಟು ಬಂತು, ಹೊಲಿಗೆ ಬಿಚ್ಚಿದೆ. ಒಳಗೆ ರೂಪಾಯಿ ನಾಣ್ಯದಷ್ಟು ಕಪ್ಪು ಬಿಲ್ಲೆ, ಎಣಿಸಿದ್ರೆ 48. ಕಬ್ಬಿಣದ ಬೀರುಗೆ ಅಂಟ್ಸಿದೆ, ಹಿಡೀತು. ಮಧ್ಯ ಟವೆಲ್ ನಾಲ್ಕು ಮಡಿಕೆ ಇಟ್ಟೆ, ಟಪ್ ಅಂತ ಬಿತ್ತು. ಟವೆಲ್ ದಾಟದ್ದು ಮಾವನ ಎದೆಗೆ ಹೋಗ್ತಿತ್ತಾ?

ಸೋಮವಾರಪೇಟೆ ತೋಟದವ:
ಅದು ಕಳಪೆ ಮಾಲು ಅಮ್ಮಾ. ಡಾಕ್ಟ್ರ ಹತ್ರ ಹೋಗ್ದೆ ಇದ್ದಿದ್ದು ನೀವು, ಮ್ಯಾಗ್ನೆಟ್ ಏನ್ ಮಾಡತ್ತೆ?

ಗೋಣಿಕೊಪ್ಪಲು ಸೊಸೆ:
ಹೋಗ್ಬೇಡಿ ಅಂತ ಹೇಳಿ ಮಾರಿದ್ದೇ ಅವ್ರು! ನಾಲ್ಕು ರಾತ್ರಿ ಅವ್ರ ಉಸಿರು ಕೇಳ್ತಾ ಕೂತಿದ್ದು ನಾನು. ನಂಗೆ ಬುದ್ಧಿ ಹೇಳ್ಬೇಡಿ.

ವಿರಾಜಪೇಟೆ ನಿವೃತ್ತ ಮೇಷ್ಟ್ರು:
31 ವರ್ಷ ಭೌತಶಾಸ್ತ್ರ ಪಾಠ ಮಾಡಿದ್ದೀನಿ. ರಕ್ತದಲ್ಲಿ ಕಬ್ಬಿಣ ಇದೆ, ಮ್ಯಾಗ್ನೆಟ್ ಎಳೆದು ರಕ್ತ ಓಡ್ಸತ್ತೆ ಅಂತಾರಲ್ಲ, ಹಿಮೋಗ್ಲೋಬಿನ್ನಲ್ಲಿರೋ ಕಬ್ಬಿಣ ಮೊಳೆ ಥರ ಅಂಟೋದಲ್ಲ. ಎಂಆರ್‌ಐ ಮಿಷನ್ನಿನ ಮ್ಯಾಗ್ನೆಟ್ ಶಕ್ತಿ 1.5 ಟೆಸ್ಲಾ, ಅಂದ್ರೆ 15,000 ಗಾಸ್. ಮೊಣಕಾಲಿಗೆ ನಾನೇ ಅದ್ರೊಳಗೆ ಅರ್ಧ ಗಂಟೆ ಮಲಗಿದ್ದೆ, ಆಗಿದ್ದ ನೆಗಡಿ ಹಾಗೇ ಹೊರಗೆ ಬಂತು. ಫ್ಲೂ ಆದಾಗ್ಲೂ ನಂಗೆ ಕೆಮ್ಮು ಮೂರು ವಾರ ಇತ್ತು, ಗಂಜಿ ಕುಡ್ಕೊಂಡು ಬಿದ್ದಿದ್ದೆ, ತಾನಾಗೇ ಹೋಯ್ತು. ಇನ್ನೊಂದು, ಮನೇಲಿ ಪೇಸ್‌ಮೇಕರ್ ಹಾಕಿಸ್ಕೊಂಡವ್ರಿದ್ರೆ ಮ್ಯಾಗ್ನೆಟ್ ಅರ್ಧ ಅಡಿ ಹತ್ರಾನೂ ತರಬಾರ್ದು.

ಸೋಮವಾರಪೇಟೆ ತೋಟದವ:
ಮೇಷ್ಟ್ರೇ, ಡಿಪ್ರೆಷನ್ನಿಗೆ ತಲೆಗೆ ಮ್ಯಾಗ್ನೆಟ್ ಇಟ್ಟು ಟ್ರೀಟ್ಮೆಂಟ್ ಮಾಡ್ತಾರಲ್ಲ, ಅದೂ ಸುಳ್ಳಾ?

ವಿರಾಜಪೇಟೆ ನಿವೃತ್ತ ಮೇಷ್ಟ್ರು:
ಸುಳ್ಳಲ್ಲ. ಅದು ಕಾಯಿಲ್‌ನಲ್ಲಿ ಕರೆಂಟ್ ಬಿಟ್ಟು ಬಿಟ್ಟು ಕೊಡೋದು, ಮಿದುಳಿನ ನರಕ್ಕೆ. ಸುಮ್ನೆ ಬಿದ್ದಿರೋ ಬಿಲ್ಲೆಗೂ ಅದಕ್ಕೂ ಸಂಬಂಧ ಇಲ್ಲ, ವೈರಸ್ಸಿಗಂತೂ ಇಲ್ವೇ ಇಲ್ಲ.

ನಾಪೋಕ್ಲು ಅಜ್ಜಿಮನೆ:
ಇದೆಲ್ಲ ಯಾಕೆ? ಕಾಳುಮೆಣಸು, ಶುಂಠಿ, ಬೆಲ್ಲದ ಕಷಾಯ ದಿನಾ ಮೂರು ಸಲ. ನಮ್ಮ ಕೊಡಗಿನ ಕಕ್ಕಡ ತಿಂಗಳ 18ಕ್ಕೆ, ಅಂದ್ರೆ ಆಗಸ್ಟ್ 3ಕ್ಕೆ, ಮದ್ದುಸೊಪ್ಪು ಅನ್ನೋ ಔಷಧಿ ಸೊಪ್ಪಿನ ಪಾಯಸ ತಿಂದವ್ರಿಗೆ ಫ್ಲೂ ಹತ್ರ ಬರಲ್ಲ, ನಮ್ಮನೇಲಿ ಒಬ್ರಿಗೂ ಬಂದಿಲ್ಲ.

ಸುಂಟಿಕೊಪ್ಪ:
ಕಷಾಯ ಕುಡಿದೂ ಕುಡಿದೂ ಹೊಟ್ಟೆ ಉರಿ ಹತ್ತಿ ಎಂಡೋಸ್ಕೋಪಿಗೆ 4,200 ಕೊಟ್ಟಿದ್ದೀನಿ. ಮದ್ದುಸೊಪ್ಪು ನಾವೂ ತಪ್ಪದೆ ತಿಂತೀವಿ, ಹೋದ ಸಲ ಮನೇಲಿ ಐದೂ ಜನ ಮಲಗಿದ್ವಿ.

ನಾಪೋಕ್ಲು ಅಜ್ಜಿಮನೆ:
ನೀವು ಯಾವ ಸೊಪ್ಪು ತಂದ್ರೋ ಏನೋ. ಆಗಸ್ಟ್ 3ರ ದಿನಾನೇ ಕೀಳ್ಬೇಕು, ಸಂತೇಲಿ ಹಿಂದಿನ ದಿನ ಮಾರೋದ್ರಲ್ಲಿ ಬಣ್ಣ ಇರತ್ತೆ, ಮದ್ದು ಇರಲ್ಲ.

ಸುಂಟಿಕೊಪ್ಪ:
ನಮ್ಮ ಬೇಲೀದೇ ಸೊಪ್ಪು. ಸಂತೇಗೆ ಹೋಗೋ ಗತಿ ನಮಗೆ ಬಂದಿಲ್ಲ.

ಗಾಳಿಬೀಡು ಕಡೆಯವಳು:
ದಯವಿಟ್ಟು ಜಗಳ ಬೇಡ. ಅಮ್ಮ ಇವತ್ತು ಕೊಟ್ಟಿಗೆ ತನಕ ಹೋಗಿ ಬಂದ್ರು, ಅರ್ಧ ದಾರೀಲಿ ಒಂದ್ಸಲ ಕೂತ್ರು ಅಷ್ಟೇ. ಬೆಲ್ಟು ತಗೊಳಲ್ಲ. ಆದ್ರೆ 2,000 ಅಡ್ವಾನ್ಸ್ ಕೊಟ್ಬಿಟ್ಟಿದ್ದೀನಿ, ಕೇಳಿದ್ರೆ ವಾಪಸ್ ಕೊಡ್ತಾರಾ?

ಗೋಣಿಕೊಪ್ಪಲು ಸೊಸೆ:
ರಸೀದಿ ಇದ್ರೆ ನಾಳೆ ಬೆಳಿಗ್ಗೆನೇ ಹೋಗಿ, ನಾಲ್ಕು ಜನ ಡೆಮೋಗೆ ಕೂತಿರುವಾಗ್ಲೇ ಕೇಳಿ. ಫೋನಲ್ಲಿ ಕೇಳ್ಬೇಡಿ. ನಾನು ಫೋನಲ್ಲಿ ಕೇಳಿದ್ದೆ.