ಸಹಾಯ ಬೇಕು: ಕಾಂಟೆಸಾ ಬ್ರೇಕ್ ತಾನಾಗೇ ಹಿಡ್ಕೊಳ್ಳುತ್ತೆ, ಬೂಸ್ಟರ್ ಹೋಗಿದೆಯಾ?

ಶಿವಮೊಗ್ಗದಲ್ಲಿರೋ ಹಳೇ ಕಾಂಟೆಸಾ ಕಾರು, 1.8 ಪೆಟ್ರೋಲ್. ಊರೊಳಗೆ ಏನೂ ತೊಂದರೆ ಇಲ್ಲ. ಆಗುಂಬೆ ಘಾಟಿಯಲ್ಲಿ ಏಳೆಂಟು ತಿರುವು ಇಳಿದ ಮೇಲೆ ಪೆಡಲ್‌ನಿಂದ ಕಾಲು ತೆಗೆದರೂ ಬ್ರೇಕ್ ಬಿಡಲ್ಲ. ಮುಂದಿನ ಡಿಸ್ಕ್ ಎರಡೂ ಕೆಂಡ. ಪೆಡಲ್ ಬುಡದಲ್ಲಿ ಸುಯ್ ಅಂತ ಗಾಳಿ ಎಳೆಯೋ ಸದ್ದು, ಐಡ್ಲಿಂಗ್ ಕೂಡ ಏರುಪೇರು.

ಬೂಸ್ಟರಿಗೆ (ಇಂಜಿನ್ ವ್ಯಾಕ್ಯೂಮ್‌ನಿಂದ ಪೆಡಲ್ ತುಳಿತಕ್ಕೆ ಬಲ ಕೊಡೋ ಡಬ್ಬಿ) ಹೋಗೋ ವ್ಯಾಕ್ಯೂಮ್ ಪೈಪ್, ಚೆಕ್ ವಾಲ್ವ್ (ಗಾಳಿನ ಒಂದೇ ಕಡೆ ಬಿಡೋದು) ಎರಡೂ ಹೊಸದು. ಬ್ರೇಕ್ ಹಿಡ್ಕೊಂಡಿದ್ದಾಗಲೇ, ಬೂಸ್ಟರಿಗೆ ಕೂರಿಸಿರೋ ಮಾಸ್ಟರ್ ಸಿಲಿಂಡರಿನ (ಬ್ರೇಕ್ ಆಯಿಲ್ ಒತ್ತಿ ಚಕ್ರಗಳಿಗೆ ಕಳಿಸೋ ಭಾಗ) ಎರಡು ನಟ್ 2-3 ಮಿ.ಮೀ. ಸಡಿಲಿಸಿದರೆ ಚಕ್ರ ಫ್ರೀ ಆಗುತ್ತೆ. ಹಾಗಾಗಿ ಚಕ್ರದ ಕಡೆಯ ಕ್ಯಾಲಿಪರ್ (ಡಿಸ್ಕ್ ಹಿಡಿಯೋ ಭಾಗ), ಹೋಸ್ ಮೇಲೆ ಅನುಮಾನ ಇಲ್ಲ. ಬೂಸ್ಟರಿನಿಂದ ಮಾಸ್ಟರ್ ಸಿಲಿಂಡರನ್ನ ಒತ್ತೋ ಪುಶ್‌ರಾಡ್ ಉದ್ದ ಆಯ್ತೇನೋ ಅಂತ ಗ್ಯಾಪ್ ಬಿಟ್ಟೂ ನೋಡಿದ್ದಾಯ್ತು, ಮತ್ತೆ ಅದೇ ಕಥೆ.

ತಲೆ ಕೆಡೋದು ಇಲ್ಲಿ: ಇಂಜಿನ್ ಆಫ್ ಮಾಡಿ ಪೆಡಲ್ ಐದಾರು ಸಲ ತುಳಿದು ವ್ಯಾಕ್ಯೂಮ್ ಖಾಲಿ ಮಾಡಿದರೆ, ನಟ್ ಮುಟ್ಟದೇನೇ ಬ್ರೇಕ್ ಬಿಡುತ್ತೆ. ತಪ್ಪು ಬರೀ ಪುಶ್‌ರಾಡಿನದಾಗಿದ್ರೆ ಹೀಗೆ ಬಿಡಬಾರದಲ್ವಾ? ಮಾಸ್ಟರ್ ಸಿಲಿಂಡರ್ ಬಿಚ್ಚಿದಾಗ ಬೂಸ್ಟರ್ ಒಳಗೆ ಎರಡು ಚಮಚದಷ್ಟು ಬ್ರೇಕ್ ಆಯಿಲ್ ಬೇರೆ ನಿಂತಿತ್ತು.

ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಸೋರಿ, ಬೂಸ್ಟರಿನ ಕಂಟ್ರೋಲ್ ವಾಲ್ವ್ (ಒಳಗೆ ಗಾಳಿ ಬಿಡೋ-ತಡೆಯೋ ಭಾಗ) ರಬ್ಬರ್ ಹಾಳಾಗಿ, ಬಿಸಿಗೆ ಸರಿಯಾಗಿ ಮುಚ್ಚಿಕೊಳ್ತಿಲ್ಲ ಅಂತ ನನ್ನ ಲೆಕ್ಕ. ಇದು ಸರಿನಾ? ಅಂಚು ಮಡಚಿ ಮುಚ್ಚಿರೋ ಬೂಸ್ಟರ್ ಡಬ್ಬಿ ಬಿಚ್ಚಿ ರಿಪೇರಿ ಕಿಟ್ (ಹೊಸ ಸೀಲು, ರಬ್ಬರು) ಹಾಕಿದ್ರೆ ಘಾಟಿಗೆ ನಂಬಬಹುದಾ, ಇಲ್ಲ ಮಾಸ್ಟರ್ ಸಿಲಿಂಡರ್ ಜೊತೆ ಬೂಸ್ಟರನ್ನೇ ಬದಲಿಸಬೇಕಾ? ಬದಲಿಸೋದಾದ್ರೆ ಈಗ ಸಿಗೋ ಯಾವ ಗಾಡಿಯದ್ದು ಕೂರುತ್ತೆ?